ಗುರುವಾರದ ಹೊಗೆ

ಮಾರ್ಚ್ ಹತ್ತು, ಸೋಮವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತು. ಒಬ್ಬ ಹೆಂಗಸು ಠಾಣೆಗೆ ಬಂದು, ಸತ್ತುಹೋದ ತನ್ನ ಅಪ್ಪನ ಬಗ್ಗೆ ಪೊಲೀಸರು ಬರೆದಿರುವುದು ಸುಳ್ಳು ಎಂದು ದೂರು ಕೊಟ್ಟಳು. ಪೊಲೀಸರ ಮೇಲಿನ ದೂರನ್ನು ಪೊಲೀಸರ ಕೈಗೇ ಕೊಡಲು ಎದೆಗಾರಿಕೆ ಬೇಕು, ಇಲ್ಲವೇ ತಲೆ ನೆಟ್ಟಗಿರಬಾರದು. ಹೆಡ್ ಕಾನ್‌ಸ್ಟೆಬಲ್ ಎರಡನೆಯದನ್ನೇ ನಂಬಿ ಅವಳನ್ನು ಒಂದು ಗಂಟೆ ಬೆಂಚಿನ ಮೇಲೆ ಕೂರಿಸಿದ. ಅವಳು ಎದ್ದು ಹೋಗಲಿಲ್ಲ. ಕೊನೆಗೆ ಇನ್‌ಸ್ಪೆಕ್ಟರೇ ಒಳಗೆ ಕರೆದ.

ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಅಪ್ಪ ಊರಾಚೆಯ ಬಣ್ಣದ ಕಾರ್ಖಾನೆಯಲ್ಲಿ ಬಾಯ್ಲರ್ ನಡೆಸುತ್ತಿದ್ದ. ಹಿಂದಿನ ಗುರುವಾರ, ಆರನೇ ತಾರೀಕು, ಕಾರ್ಖಾನೆಯ ಗೋದಾಮು ಸುಟ್ಟು ಅದರೊಳಗೆ ಅವನ ಹೆಣ ಸಿಕ್ಕಿತ್ತು. ಅಂದು ಕಾರ್ಖಾನೆಗೆ ವಾರದ ರಜೆ. ಒಳಗಿದ್ದವರು ಇಬ್ಬರೇ: ಕಾವಲಿಗೆಂದು ಬಂದ ಶಿಫ್ಟ್ ಸೂಪರ್‌ವೈಸರ್, ಮತ್ತು ಮರುದಿನದ ಕೆಲಸಕ್ಕೆ ಬಾಯ್ಲರ್ ಹೊತ್ತಿಸಲು ಬಂದ ಈತ. ಹೆಣದ ಪಕ್ಕದಲ್ಲಿ ಸಿಗರೇಟು ಲೈಟರ್ ಸಿಕ್ಕಿದ್ದರಿಂದ ಎಫ್‌ಐಆರ್‌ನಲ್ಲಿ ‘ಮೃತನ ಅಜಾಗರೂಕತೆಯಿಂದ ಬೆಂಕಿ’ ಎಂದು ಬರೆಯಲಾಗಿತ್ತು. ಕಡತ ಮುಚ್ಚಲು ಒಂದು ಸಹಿ ಮಾತ್ರ ಬಾಕಿ ಇತ್ತು.

“ನಿಮ್ಮಪ್ಪ ಸಿಗರೇಟು ಸೇದ್ತಿರ್ಲಿಲ್ವಾ?”

“ಬಿಟ್ಟು ಒಂಬತ್ತು ವರ್ಷ ಆಯ್ತು ಸರ್.”

“ಮನೇಲಿ ಎಲ್ಲರೂ ಬಿಟ್ಟಿರ್ತಾರಮ್ಮ,” ಬಾಗಿಲಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಎಂದ.

ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ. ಮೊಬೈಲ್ ತೆಗೆದು ಮೇಜಿನ ಮೇಲಿಟ್ಟಳು. “ಗುರುವಾರ ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ಅಪ್ಪ ಫೋನ್ ಮಾಡಿದ್ರು, ಇಲ್ಲಿ ನೋಡಿ. ಬೆಳಿಗ್ಗೆ ಕಣ್ಣಿನ ಪರೀಕ್ಷೆಗೆ ಹೋಗಿದ್ರು. ಬಾಯ್ಲರ್ ಸರ್ಟಿಫಿಕೇಟಿಗೆ ಎರಡು ವರ್ಷಕ್ಕೊಂದು ಸಲ ಕಣ್ಣು ತೋರಿಸ್ಬೇಕು. ‘ಕಣ್ಣು ಇನ್ನೂ ಗಟ್ಟಿ ಇದೆಯಂತಮ್ಮ’ ಅಂತ ಹೇಳೋಕೆ ಮಾಡಿದ್ದು. ಮಾತಾಡ್ತಾ ಮಾತಾಡ್ತಾನೇ, ‘ಫ್ಯಾಕ್ಟರಿ ಕಡೆ ಹೊಗೆ ಕಾಣ್ತಿದೆ, ಆಮೇಲೆ ಮಾಡ್ತೀನಿ’ ಅಂತ ಇಟ್ಟುಬಿಟ್ರು.”

ಇನ್‌ಸ್ಪೆಕ್ಟರ್ ಕಡತ ತೆರೆದ. ಗೇಟಿನ ರಿಜಿಸ್ಟರ್‌ನಲ್ಲಿ ಬಾಯ್ಲರಿನವನ ಸಹಿ: 11.15. ಸೂಪರ್‌ವೈಸರ್ ಹೇಳಿಕೆಯಂತೆ ಬೆಂಕಿ ಕಂಡದ್ದು: 11.40. ಅಗ್ನಿಶಾಮಕ ಠಾಣೆಗೆ ಕರೆ ಬಂದದ್ದು: 11.48.

“ಹೊಗೆ ಎದ್ದಾಗ ಅಪ್ಪ ಇನ್ನೂ ಗೇಟಿನ ಹೊರಗೇ ಇದ್ರು ಸರ್. ಬೆಂಕಿ ಅವರು ಹಚ್ಚಿದ್ದಲ್ಲ.”

“ಈಗ ನಿಮಗೇನಾಗ್ಬೇಕು?”

“ಆ ಸಾಲು ಹೋಗ್ಬೇಕು. ಮೂವತ್ತೊಂದು ವರ್ಷ ಬೆಂಕಿ ಕಾದವರು ಅವರು. ಬೆಂಕಿ ಹಚ್ಚಿ ಸತ್ರು ಅಂತ ಬರೆದಿದೀರಿ. ಬೇರೇನೂ ಬೇಡ, ಆ ಸಾಲು ಹೋಗ್ಬೇಕು.”

ದೂರು ದಾಖಲಾಯಿತು. ಅವಳು ಹೋದ ಮೇಲೆ ಇನ್‌ಸ್ಪೆಕ್ಟರ್ ಪಂಚನಾಮೆಯನ್ನು ಮೊದಲಿನಿಂದ ಓದಿದ. ಅದು ಹೆಡ್ ಕಾನ್‌ಸ್ಟೆಬಲ್‌ನ ಕೈಬರಹ. ಮುತ್ತು ಪೋಣಿಸಿದಂಥ ಅಕ್ಷರ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಆತನಿಗೆ ತನ್ನ ಅಕ್ಷರದ ಬಗ್ಗೆ ಇದ್ದ ಹೆಮ್ಮೆ ಬರೆದದ್ದರ ಬಗ್ಗೆ ಇರಲಿಲ್ಲ.

“ಒಂಬತ್ತನೇ ವಸ್ತು ಓದ್ರಿ.”

“ಮೃತನ ತಲೆಯ ಹೆಲ್ಮೆಟ್, ಪ್ಲಾಸ್ಟಿಕ್, ಪೂರ್ಣ ಕರಗಿದೆ.”

“ಹದಿನಾಲ್ಕನೇದು?”

“ಒಂದು ಹಸಿರು ಪ್ಲಾಸ್ಟಿಕ್ ಲೈಟರ್, ಸುಸ್ಥಿತಿಯಲ್ಲಿ...” ಓದುತ್ತಿದ್ದವನ ಸ್ವರ ಇಳಿಯಿತು.

“ಹೆಲ್ಮೆಟ್ ಕರಗಿ ನೀರಾಯ್ತು. ಒಂದಡಿ ದೂರದ ಲೈಟರ್‌ಗೆ ಬಣ್ಣ ಕೂಡ ಹೋಗ್ಲಿಲ್ಲ. ಒಳ್ಳೇ ಕಂಪನಿ ಲೈಟರ್ ಇರ್ಬೇಕು.”

“ತಪ್ಪಾಯ್ತು ಸರ್.”

“ಪಂಚನಾಮೆ ಆಗಿದ್ದು ಏಳನೇ ತಾರೀಕು ಹತ್ತು ಗಂಟೆಗೆ. ಅಲ್ಲೀವರೆಗೆ ಜಾಗ ಕಾದಿದ್ದು ಯಾರು?”

“ಸೂಪರ್‌ವೈಸರೇ ಸರ್. ಪಾಪ, ಕೈ ಸುಟ್ಕೊಂಡಿದ್ರೂ ಮನೆಗೆ ಹೋಗದೆ ಕಾದ.”

ಆ ಪಾಪದವನನ್ನು ಅದೇ ದಿನ ಮಧ್ಯಾಹ್ನ ಎರಡು ಗಂಟೆಗೆ ಕಾರ್ಖಾನೆಯ ಕಚೇರಿಯಲ್ಲಿ ವಿಚಾರಿಸಲಾಯಿತು. ಸುಮಾರು ನಲವತ್ತೈದು ವಯಸ್ಸು. ಎರಡೂ ಅಂಗೈಗೆ ಬ್ಯಾಂಡೇಜು, ಹುಬ್ಬು ಅರ್ಧ ಸುಟ್ಟಿತ್ತು. ಕುರ್ಚಿಯ ತುದಿಯಲ್ಲಿ ಕೂತು, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟ.

“ಎಷ್ಟು ಹೊತ್ತಿಗೆ ಬಂದ್ರಿ?”

“ಒಂಬತ್ತಕ್ಕೆ ಸರ್.”

“ಹನ್ನೊಂದು ಹನ್ನೆರಡಕ್ಕೆ ಬಾಯ್ಲರಿನವರು ರಸ್ತೆಯಿಂದಲೇ ಹೊಗೆ ಕಂಡ್ರಂತೆ.”

ಸೂಪರ್‌ವೈಸರ್ ಕಿಟಕಿಯ ಕಡೆ ನೋಡಿದ. “ಚಿಮಣಿ ಹೊಗೆ ಇರ್ಬೇಕು ಸರ್. ದಿನಾ ಬರುತ್ತೆ.”

ಇನ್‌ಸ್ಪೆಕ್ಟರ್ ಅದನ್ನು ಇದ್ದಂತೆಯೇ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡ. ಉತ್ತರ ಸಹಜವಾಗಿಯೇ ಇತ್ತು. ಹೊರಗೆ ಬಂದು ತಲೆ ಎತ್ತಿದರೆ ಸುತ್ತಲಿನ ಕಾರ್ಖಾನೆಗಳ ಹನ್ನೊಂದು ಚಿಮಣಿಗಳು, ಹನ್ನೊಂದೂ ಹೊಗೆ ಬಿಡುತ್ತಿದ್ದವು.

ಮರುದಿನ ಹೆಡ್ ಕಾನ್‌ಸ್ಟೆಬಲ್ ಮತ್ತು ಮಹಿಳಾ ಕಾನ್‌ಸ್ಟೆಬಲ್ ಅಕ್ಕಪಕ್ಕದ ಆರು ಕಾರ್ಖಾನೆಗಳಲ್ಲಿ ನಲವತ್ತು ಜನರನ್ನು ಕೇಳಿದರು. ಗುರುವಾರ ಬೆಳಿಗ್ಗೆ ಹೊಗೆ ನೋಡಿದಿರಾ ಎಂದರೆ ಕೆಲವರು ನಕ್ಕರು. ಅಲ್ಲಿ ಹೊಗೆ ನೋಡದ ದಿನವೇ ಇಲ್ಲ. ಹೊಗೆ ಕಂಡು ಬೆಚ್ಚಿಬೀಳುವವರು ಅಲ್ಲಿ ಒಂದು ವಾರ ಬಾಳುವುದಿಲ್ಲ. ಗಂಟೆ ನೋಡಿಕೊಂಡವರಂತೂ ಒಬ್ಬರೂ ಸಿಗಲಿಲ್ಲ. ಇಬ್ಬರೂ ಬರಿಗೈಲಿ ವಾಪಸು ಬಂದರು.

“ಕೆಳಗಿಂದ ಯಾರೂ ನೋಡಿಲ್ಲ ಸರ್,” ಎಂದಳು ಮಹಿಳಾ ಕಾನ್‌ಸ್ಟೆಬಲ್. “ಮೇಲಿಂದ ಯಾರಾದ್ರೂ ನೋಡಿದಾರಾ ಕೇಳೋಣ್ವಾ?”

“ಮೇಲಿಂದ ಅಂದ್ರೆ? ದೇವರ ಹೇಳಿಕೆ ತಗೊಳ್ಳೋದಾ?” ಹೆಡ್ ಕಾನ್‌ಸ್ಟೆಬಲ್ ಕಿಚಾಯಿಸಿದ.

“ಕಾಡಿಗೆ ಬೆಂಕಿ ಬಿದ್ರೆ ಉಪಗ್ರಹದ ಫೋಟೋದಲ್ಲಿ ಹೊಗೆ ಹುಡುಕ್ತಾರೆ. ಫ್ಯಾಕ್ಟರಿಗಳಿಗೂ ಹಾಗೇ ಮಾಡೋ ಆಫೀಸು ಒಂದಿದೆಯಂತೆ.”

ಮಾರ್ಚ್ ಹನ್ನೆರಡು, ಬುಧವಾರ, ಹನ್ನೊಂದು ಗಂಟೆ. ಆ ಕಚೇರಿ ಮೂರನೇ ಮಹಡಿಯಲ್ಲಿ, ಪರದೆ ಎಳೆದ ಕೋಣೆಯಲ್ಲಿತ್ತು. ಚಿತ್ರ ಓದುವ ಕೆಲಸದ ಹೆಂಗಸು ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು, ಮೇಜಿನ ಮೇಲೆಲ್ಲ ಅದನ್ನೇ ಹುಡುಕುತ್ತಿದ್ದಳು. ಸಿಕ್ಕ ಮೇಲೆ ಕೆಲಸಕ್ಕಿಳಿದಳು.

“ನಿಮ್ಮ ಅದೃಷ್ಟ. ಈ ಉಪಗ್ರಹ ಐದು ದಿನಕ್ಕೊಂದು ಸಲ ಬರೋದು. ಆರನೇ ತಾರೀಕು ಹತ್ತು ನಲವತ್ತೆರಡಕ್ಕೆ ಆ ಜಾಗದ ಮೇಲೆ ಹೋಗಿದೆ.”

ಪರದೆಯ ಮೇಲೆ ಬೂದು ಚೌಕಗಳ ರಾಶಿ ಬಂತು. ಒಂದು ಚೌಕ ಎಂದರೆ ನೆಲದ ಮೇಲೆ ಹತ್ತು ಮೀಟರ್ ಎಂದಳು. ಮಧ್ಯದಲ್ಲಿ ಪೊರಕೆಯಂತೆ, ಒಂದು ತುದಿ ಸಣ್ಣಗೆ, ಇನ್ನೊಂದು ತುದಿ ಅಗಲವಾಗಿ ಕೆದರಿದ ಬಿಳಿ ಗೀರು.

“ಮೋಡ ಅಲ್ವಾ?” ಇನ್‌ಸ್ಪೆಕ್ಟರ್ ಕೇಳಿದ.

“ಎಲ್ಲರೂ ಹಾಗೇ ಅಂತಾರೆ.” ಅವಳು ಒಂದು ಗುಂಡಿ ಒತ್ತಿದಳು. ಚಿತ್ರದ ಬಣ್ಣ ಬದಲಾಗಿ ಗೀರು ಮಾಯವಾಯಿತು. ಅದರ ಕೆಳಗಿದ್ದ ರಸ್ತೆ, ಕೆರೆ ಕಂಡವು. “ಇದು ಕಣ್ಣಿಗೆ ಕಾಣದ ಇನ್ನೊಂದು ಬೆಳಕಲ್ಲಿ ತೆಗೆದ ಚಿತ್ರ. ಈ ಬೆಳಕು ಹೊಗೆ ದಾಟಿ ಹೋಗುತ್ತೆ, ಮೋಡ ದಾಟಲ್ಲ. ಮೋಡ ಆಗಿದ್ರೆ ಇಲ್ಲೂ ಕಾಣ್ಬೇಕಿತ್ತು. ಇದು ಹೊಗೆ.”

“ಚಿಮಣಿ ಹೊಗೆ ಅಂತಾರೆ ಫ್ಯಾಕ್ಟರಿಯವರು.”

ಅವಳು ಗೀರಿನ ಸಣ್ಣ ತುದಿಯನ್ನು ಹಿಗ್ಗಿಸಿದಳು. “ಹೊಗೆ ಹುಟ್ಟೋದು ಯಾವಾಗ್ಲೂ ಸಣ್ಣ ತುದೀಲಿ. ಅದು ಇಲ್ಲಿದೆ, ಗೋದಾಮಿನ ಮೇಲೆ. ಚಿಮಣಿ ಇಲ್ಲಿದೆ. ಮಧ್ಯೆ ಒಂಬತ್ತು ಚೌಕ, ತೊಂಬತ್ತು ಮೀಟರ್. ಗಾಳಿ ಚಿಮಣಿ ಕಡೆಯಿಂದ ಗೋದಾಮಿನ ಕಡೆಗೆ ಬೀಸ್ತಿದೆ. ಚಿಮಣಿ ಹೊಗೆ ತೊಂಬತ್ತು ಮೀಟರ್ ಕಾಣದೆ ಹೋಗಿ, ಆಮೇಲೆ ಎದ್ದು ಬರುತ್ತಾ?”

“ಯಾವಾಗ ಶುರುವಾಗಿದ್ದು?”

“ಗೀರಿನ ಉದ್ದ ಮೂರೂವರೆ ಕಿಲೋಮೀಟರ್. ಆವತ್ತು ಗಾಳಿ ಗಂಟೆಗೆ ಏಳು ಕಿಲೋಮೀಟರ್. ಹೊಗೆ ಇಷ್ಟುದ್ದ ಬೆಳೆಯೋಕೆ ಅರ್ಧ ಗಂಟೆ ಬೇಕು. ಹತ್ತೂ ಕಾಲಿಗೆ ಮೊದಲೇ ಎದ್ದಿದೆ.”

ಇನ್‌ಸ್ಪೆಕ್ಟರ್ ಕಡತದಿಂದ ಮಗಳು ಕೊಟ್ಟಿದ್ದ ಕಣ್ಣಿನ ಪರೀಕ್ಷೆಯ ಚೀಟಿ ತೆಗೆದ. ಹತ್ತೂ ಕಾಲಿಗೆ ಬಾಯ್ಲರಿನವನು ಕಣ್ಣಿನ ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಗೋಡೆಯ ಅಕ್ಷರ ಓದುತ್ತಿದ್ದ. ಅವನ ಚೀಟಿಯ ಮೇಲೆ 10.35ರ ಮೊಹರಿತ್ತು. ಆಗ ಇನ್‌ಸ್ಪೆಕ್ಟರಿಗೆ ಎರಡು ದಿನದಿಂದ ಹೊಳೆಯದೆ ಇದ್ದದ್ದು ಹೊಳೆಯಿತು. ಆ ಕಾರ್ಖಾನೆಯಲ್ಲಿ ಬಾಯ್ಲರ್ ಹೊತ್ತಿಸಲು ಸರ್ಟಿಫಿಕೇಟು ಇದ್ದವನು ಒಬ್ಬನೇ. ಅವನೇ ಬಂದಿರಲಿಲ್ಲ ಎಂದ ಮೇಲೆ ಚಿಮಣಿಯಿಂದ ಹೊಗೆ ಬರುವುದು ಹೇಗೆ? ಅಷ್ಟು ಕಣ್ಣೆದುರಿನ ಮಾತನ್ನು ಬರೆದುಕೊಂಡು ಸಹಿ ಬೇರೆ ಹಾಕಿಸಿಕೊಂಡಿದ್ದಕ್ಕೆ ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

“ಹೊಗೆ ಕಂಡ್ರೆ ನಿಮ್ಮ ಕಂಪ್ಯೂಟರು ಎಚ್ಚರಿಕೆ ಕೊಡಲ್ವಾ?” ಮಹಿಳಾ ಕಾನ್‌ಸ್ಟೆಬಲ್ ಕೇಳಿದಳು.

ಚಿತ್ರ ಓದುವವಳು ಕನ್ನಡಕ ತೆಗೆದಳು. “ಕೊಡಬೇಕಿತ್ತು. ಚಿಮಣಿ ಇರೋ ಕಾರ್ಖಾನೆಗಳ ಮೇಲೆ ಕೆಲಸದ ದಿನ ಹೊಗೆ ಕಂಡ್ರೆ ಬಿಟ್ಟುಬಿಡು, ರಜೆ ದಿನ ಕಂಡ್ರೆ ಹೇಳು ಅಂತ ಅದಕ್ಕೆ ಕಲಿಸಿದ್ದು ನಾನೇ. ರಜೆ ಅಂದ್ರೆ ಭಾನುವಾರ ಅಂತ ಬರೆದಿದ್ದೆ.”

“ಅಲ್ಲಿ ಕರೆಂಟು ಸಾಲಲ್ಲ ಅಂತ ಒಂದೊಂದು ಫ್ಯಾಕ್ಟರಿಗೆ ಒಂದೊಂದು ದಿನ ರಜೆ ಮೇಡಂ. ಇದಕ್ಕೆ ಗುರುವಾರ.”

“ಈಗ ಗೊತ್ತಾಯ್ತು. ಚಿತ್ರ ನಮ್ಮ ಕೈಗೆ ಬರೋಕೇ ಮೂರು ಗಂಟೆ ಬೇಕು. ಎಚ್ಚರಿಕೆ ಬಂದಿದ್ರೂ ಆ ಮನುಷ್ಯ ಉಳೀತಿರ್ಲಿಲ್ಲ. ಹಾಗಂತ ನನಗೆ ನಾನೇ ಸಮಾಧಾನ ಹೇಳ್ಕೋಬಹುದು, ಅಷ್ಟೆ.” ಅವಳು ಕನ್ನಡಕವನ್ನು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. “ಸ್ವಲ್ಪ ಕೂತ್ಕೊಳ್ಳಿ. ಹಳೇ ಗುರುವಾರಗಳನ್ನ ತೆಗೆದು ನೋಡ್ತೀನಿ.”

ಎರಡು ವರ್ಷದಲ್ಲಿ ಉಪಗ್ರಹಕ್ಕೆ ಸಿಕ್ಕ ಗುರುವಾರಗಳು ಇಪ್ಪತ್ತೊಂದು. ಅವುಗಳಲ್ಲಿ ಎರಡರಲ್ಲಿ ಅದೇ ಗೋದಾಮಿನ ಮೇಲೆ ತೆಳ್ಳನೆಯ ಹೊಗೆ ಇತ್ತು. ಆ ಎರಡೂ ದಿನ ಅಗ್ನಿಶಾಮಕ ಠಾಣೆಗೆ ಯಾವ ಕರೆಯೂ ಹೋಗಿರಲಿಲ್ಲ. ಕಾರ್ಖಾನೆಯ ಅಪಘಾತ ಪುಸ್ತಕದಲ್ಲಿ ಆ ದಿನಗಳ ಎದುರು ‘ಏನೂ ಇಲ್ಲ’ ಎಂದಿತ್ತು.

ಅದೇ ದಿನ ಸಂಜೆ ನಾಲ್ಕಕ್ಕೆ ಎರಡನೇ ಪಂಚನಾಮೆ. ಗೋದಾಮಿನ ದೊಡ್ಡ ಶಟರ್ ಹೊರಗಿನಿಂದ ಬೀಗ ಹಾಕಿದ ಹಾಗೆಯೇ ಸೊಟ್ಟಗಾಗಿ ನಿಂತಿತ್ತು. ಅದರ ಬುಡದಲ್ಲಿ ಸುಟ್ಟ ಗೋಣಿಚೀಲಗಳ ಗುಡ್ಡೆ.

“ಇದನ್ನ ಮೊದಲ ಪಂಚನಾಮೇಲಿ ಏನಂತ ಬರೆದಿದ್ರಿ?”

“ಕಸ ಅಂತ ಸರ್,” ಎಂದ ಹೆಡ್ ಕಾನ್‌ಸ್ಟೆಬಲ್. ಈ ಸಲ ಅವನೇ ಮಂಡಿಯೂರಿ ಕೂತು ಚೀಲಗಳನ್ನು ಒಂದೊಂದಾಗಿ ಬಿಡಿಸಿದ. ಮೇಲಿನವು ಬೂದಿ. ಕೆಳಗಿನ ಎರಡು ಅರ್ಧಂಬರ್ಧ ಬೆಂದು, ಶಟರಿನ ಸಂದಿಗೆ ಒತ್ತಿ ತುರುಕಿದ ಮಡಿಕೆ ಹಾಗೇ ಉಳಿದಿತ್ತು. ನೀರಿನಲ್ಲಿ ನೆನೆಸಿಟ್ಟಿದ್ದರಿಂದ ಅವು ಪೂರ್ತಿ ಉರಿದಿರಲಿಲ್ಲ. ಹೊರಗೆ ನಿಂತ ಯಾರೋ, ಉಸಿರುಕಟ್ಟಿ ಬೆಂಕಿ ಸಾಯಲಿ ಎಂದು ಸಂದುಗೊಂದು ಮುಚ್ಚಿದ್ದರು. ಅದು ಗಾಬರಿಯಲ್ಲಿ ಮಾಡಿದ ಕೆಲಸವಾಗಿರಲಿಲ್ಲ, ರೂಢಿಯಾದ ಕೈಯ ಕೆಲಸ.

ಮಾರ್ಚ್ ಹದಿಮೂರು, ಗುರುವಾರ, ಮಧ್ಯಾಹ್ನ ಎರಡೂವರೆ. ಸೂಪರ್‌ವೈಸರನ್ನು ಠಾಣೆಗೆ ಕರೆಸಲಾಯಿತು. ಇನ್‌ಸ್ಪೆಕ್ಟರ್ ಮೂರು ಚಿತ್ರಗಳನ್ನು ಅವನ ಮುಂದೆ ಸಾಲಾಗಿ ಇಟ್ಟ.

“ಇದು ಆರನೇ ತಾರೀಕು, ಹತ್ತು ನಲವತ್ತೆರಡು. ಚಿಮಣಿ ಹೊಗೆ ಅಂದಿದ್ರಿ. ಬಾಯ್ಲರ್ ಹೊತ್ತಿಸಿದ್ದು ಯಾರು?”

ಅವನು ಬ್ಯಾಂಡೇಜಿನ ಕೈಯಿಂದ ಮೊದಲ ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡ.

“ಇವೆರಡು ಹಳೇ ಗುರುವಾರಗಳು. ಆವತ್ತೂ ಚೀಲ ನೀವೇ ತುರುಕಿದ್ರಾ?”

ಅವನು ಚಿತ್ರಗಳನ್ನೇ ನೋಡುತ್ತ ಕೂತ. ತಾನೊಬ್ಬನೇ ಬಲ್ಲೆ ಎಂದುಕೊಂಡದ್ದು ಕಾಗದದ ಮೇಲೆ ಬಿಳಿಯಾಗಿ ಮೂಡಿತ್ತು.

“ಒಟ್ಟು ಒಂಬತ್ತು ಸಲ ಸರ್,” ಎಂದ ಕೊನೆಗೆ. “ನಿಮಗೆ ಎರಡೇ ಸಿಕ್ಕಿದೆ.”

ಎಣ್ಣೆ ಒರೆಸಿದ ಬಟ್ಟೆಗಳನ್ನು ಬುಧವಾರ ಸಂಜೆ ಗೋದಾಮಿನ ಮೂಲೆಯಲ್ಲಿ ಗುಡ್ಡೆ ಹಾಕುತ್ತಿದ್ದರು. ಅವು ಒಳಗೊಳಗೇ ಕಾದು, ಬೆಳಗಾಗುವಷ್ಟರಲ್ಲಿ ತಾವಾಗಿಯೇ ಹೊಗೆಯಾಡುತ್ತಿದ್ದವು. ಪ್ರತಿ ಸಲವೂ ಅವನು ಶಟರ್ ಇಳಿಸಿ, ಬೀಗ ಹಾಕಿ, ಒದ್ದೆ ಚೀಲ ತುರುಕಿ ಕಾಯುತ್ತಿದ್ದ. ಪ್ರತಿ ಸಲವೂ ಬೆಂಕಿ ಸಾಯುತ್ತಿತ್ತು. ಯಾರಿಗೂ ಹೇಳುತ್ತಿರಲಿಲ್ಲ. ಆರನೇ ತಾರೀಕೂ ಹಾಗೇ ಸಾಯುತ್ತದೆ ಎಂದುಕೊಂಡ. ಆದರೆ ಅಂದು ಗೋದಾಮಿನ ಹಿಂಭಾಗದಲ್ಲಿ ಹೊಸದಾಗಿ ಬಂದ, ಬೇಗ ಹೊತ್ತಿಕೊಳ್ಳುವ ಥಿನ್ನರ್ ಡ್ರಮ್ಮುಗಳಿದ್ದವು.

“ಬಾಯ್ಲರಿನವರು ಬಂದು ಏನಂದ್ರು?”

“ಬೈದ್ರು ಸರ್. ‘ಹುಚ್ಚು ಗಿಚ್ಚು ಹಿಡಿದಿದೆಯೇನೋ, ಒಳಗೆ ಡ್ರಮ್ಮಿದೆ’ ಅಂದ್ರು. ಪಕ್ಕದ ಸಣ್ಣ ಬಾಗಿಲಿಂದ ಬೆಂಕಿ ಆರಿಸೋ ನೀರಿನ ವಾಲ್ವ್ ತಿರುಗಿಸೋಕೆ ಹೋದ್ರು. ಆಗ ಹನ್ನೊಂದು ಇಪ್ಪತ್ತೈದು.”

“ಬೆಂಕಿ ಭುಗಿಲೆದ್ದಿದ್ದು?”

“ನಲವತ್ತಕ್ಕೆ. ಬಾಗಿಲು ತೆಗೆದಿದ್ರಿಂದ ಗಾಳಿ ಒಳಗೆ ಹೋಯ್ತು.”

“ಫೋನ್ ಮಾಡಿದ್ದು ನಲವತ್ತೆಂಟಕ್ಕೆ. ಎಂಟು ನಿಮಿಷ ಏನ್ ಮಾಡ್ತಿದ್ರಿ?”

ಅವನು ಬ್ಯಾಂಡೇಜು ಸುತ್ತಿದ ಕೈಗಳನ್ನು ಮೇಜಿನ ಮೇಲಿಟ್ಟ. “ಶಟರ್ ಎತ್ತೋಕೆ ನೋಡ್ತಿದ್ದೆ. ಬೀಗ ಕೆಂಪಗೆ ಕಾದಿತ್ತು.”

“ಲೈಟರ್?”

“ನನ್ನದೇ. ಮರುದಿನ ಬೆಳಿಗ್ಗೆ ನೀವು ಬರೋ ಮೊದಲು ಇಟ್ಟೆ.”

“ಯಾಕೆ?”

ಆಗ ಅವನ ಮುಖದಲ್ಲಿ ಮೊದಲ ಸಲ ಸಿಟ್ಟು ಕಂಡಿತು. “ಹಿಂದಿನ ಫ್ಯಾಕ್ಟರೀಲಿ ಇಷ್ಟೇ ಇಷ್ಟು ಹೊಗೆ ಕಂಡಿದ್ದಕ್ಕೆ ಫೈರ್ ಆಫೀಸಿಗೆ ಫೋನ್ ಮಾಡಿದ್ದೆ ಸರ್. ಕಾನೂನು ಪ್ರಕಾರ. ಬಂದ್ರು, ಆರಿಸಿದ್ರು. ಅವರ ಹಿಂದೆ ಇನ್‌ಸ್ಪೆಕ್ಷನ್‌ನವರು ಬಂದ್ರು. ಅದು ಸರಿಯಿಲ್ಲ, ಇದು ಸರಿಯಿಲ್ಲ ಅಂತ ಬೀಗ ಜಡಿದ್ರು. ಎಂಟು ತಿಂಗಳು. ನೂರಾ ನಲವತ್ತು ಜನ ಬೀದೀಲಿ. ಬೀಗದೋನು ಅಂತ ನನಗೆ ಹೆಸರಿಟ್ರು. ನನ್ನ ಹೆಂಡತಿ ಅಂಗಡಿಗೆ ಹೋದ್ರೆ ಎಲ್ಲರೂ ಮುಖ ತಿರುಗಿಸೋರು. ನನ್ನ ಜೊತೆ ಮಿಕ್ಸರ್ ನಡೆಸ್ತಿದ್ದವನೊಬ್ಬ ನೇಣು ಹಾಕ್ಕೊಂಡ. ಇಳಿಸಿದ್ದು ನಾನೇ.” ಅವನು ಉಸಿರೆಳೆದುಕೊಂಡ. “ಆಮೇಲೆ ಯಾರೂ ಕೆಲಸ ಕೊಡ್ಲಿಲ್ಲ. ಈ ಬಾಯ್ಲರ್ ಅಣ್ಣನೇ ಮ್ಯಾನೇಜರ್ ಕಾಲು ಹಿಡಿದು ಇಲ್ಲಿ ಸೇರಿಸಿದ್ದು.”

“ಅಂಥವರ ಮೇಲೇ ಹಾಕಿದ್ರಿ.”

“ಫ್ಯಾಕ್ಟರಿ ತಪ್ಪು ಅಂದ್ರೆ ಬೀಗ ಬೀಳುತ್ತೆ. ಕೆಲಸದವನ ತಪ್ಪು ಅಂದ್ರೆ ತಿಂಗಳಲ್ಲಿ ತೆಗೀತಾರೆ. ನೂರಾ ಅರವತ್ತು ಮನೆ ಇದೆ ಸರ್.” ಅವನು ತಲೆ ತಗ್ಗಿಸಿದ. “ಸತ್ತವರ ಕೆಲಸ ಹೋಗಲ್ವಲ್ಲ.”

ಇನ್‌ಸ್ಪೆಕ್ಟರ್ ಇನ್ನೊಂದು ಪ್ರಶ್ನೆ ಕೇಳಿದ. ಅದರ ಉತ್ತರ ಬರೆದುಕೊಳ್ಳುವಾಗ ಹೆಡ್ ಕಾನ್‌ಸ್ಟೆಬಲ್‌ನ ಪೆನ್ನು ಒಮ್ಮೆ ನಿಂತಿತು. ಸಂಜೆ 4.10ಕ್ಕೆ ಬಂಧನ ದಾಖಲಾಯಿತು. ಕೊಲೆಯಲ್ಲದ ನರಹತ್ಯೆ, ಸಾಕ್ಷ್ಯನಾಶ, ಸುಳ್ಳು ಸಾಕ್ಷ್ಯ ಸೃಷ್ಟಿ. ಮರುದಿನ ಕಾರ್ಖಾನೆಗೆ ಬೀಗ ಬಿತ್ತು. ಬೀಗ ಬೀಳುತ್ತದೆ ಎಂದು ಅವನು ಹೇಳಿದ್ದು ಸುಳ್ಳಾಗಲಿಲ್ಲ.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಮಗಳು ಬಂದಳು. ಠಾಣೆಯ ಗೇಟಿನ ಹೊರಗೆ ಕಾರ್ಖಾನೆಯ ಅರವತ್ತು ಎಪ್ಪತ್ತು ಮಂದಿ ನಿಂತಿದ್ದರು. ಅವಳನ್ನು ಚಿಕ್ಕಂದಿನಿಂದ ಬಲ್ಲವರೂ ಅವರಲ್ಲಿದ್ದರು. ಯಾರೂ ಬೈಯಲಿಲ್ಲ. ದಾರಿ ಬಿಟ್ಟರು, ಆದರೆ ಮಾತಾಡಿಸಲಿಲ್ಲ.

ಇನ್‌ಸ್ಪೆಕ್ಟರ್ ತಿದ್ದಿದ ವರದಿಯನ್ನು ಅವಳಿಗೆ ಓದಿ ಹೇಳಿದ. “ಬೆಂಕಿಗೆ ಮೃತರು ಕಾರಣರಲ್ಲ. ಬೆಂಕಿ ಆರಿಸುವ ಸಲುವಾಗಿ ಒಳಗೆ ಹೋಗಿ ಮೃತಪಟ್ಟಿದ್ದಾರೆ.”

“ಇನ್ನೊಂದ್ಸಲ ಓದಿ ಸರ್.”

ಓದಿದ. ಅವಳು ತಲೆಯಾಡಿಸಿದಳು. ಎದ್ದವಳು ಮತ್ತೆ ಕೂತಳು. “ಒಳಗೆ ಹೋಗೋವಾಗ ಅಪ್ಪ ಏನಾದ್ರೂ ಅಂದ್ರಂತಾ?”

ಹೇಳಬಾರದು ಎಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು. ಆದರೆ ಹೇಳಿಕೆಯ ಪ್ರತಿ ನಾಳೆ ಹೇಗೂ ಅವಳ ಕೈ ಸೇರುತ್ತದೆ. ಕಾಗದದಲ್ಲಿ ಓದುವುದಕ್ಕಿಂತ ಮನುಷ್ಯರ ಬಾಯಿಂದ ಕೇಳುವುದು ಮೇಲು.

“‘ನೀನು ಫೈರ್ ಆಫೀಸಿಗೆ ಫೋನ್ ಮಾಡು, ವಾಲ್ವ್ ನಾನು ನೋಡ್ಕೋತೀನಿ’ ಅಂದ್ರಂತೆ. ಆತ ‘ಮಾಡ್ತೀನಿ ಅಣ್ಣ, ಹೋಗಿ’ ಅಂದನಂತೆ.”

“ಮಾಡಿದ್ನಾ?”

“ಇಲ್ಲಮ್ಮ. ಇಪ್ಪತ್ಮೂರು ನಿಮಿಷ ಮಾಡ್ಲಿಲ್ಲ.”

ಅಳು ಬರುತ್ತದೆಂದು ಮಹಿಳಾ ಕಾನ್‌ಸ್ಟೆಬಲ್ ನೀರು ತಂದು ಪಕ್ಕದಲ್ಲಿ ನಿಂತಳು. ಮಗಳು ಅಳಲಿಲ್ಲ, ನೀರೂ ಮುಟ್ಟಲಿಲ್ಲ.

“ಹಾಗಾದ್ರೆ ಫೈರ್ ಗಾಡಿ ಬರ್ತಿದೆ ಅಂದ್ಕೊಂಡೇ ಅಪ್ಪ ಒಳಗೆ ಕಾಯ್ತಿದ್ರು,” ಎಂದಳು.

“ಹೌದಮ್ಮ,” ಎಂದ ಇನ್‌ಸ್ಪೆಕ್ಟರ್.